ಮೀಟರು ಹಿಂದಕ್ಕೆ ತಿರುಗಿದ ದಿನ

"ಮೀಟರು ಹಿಂದಕ್ಕೆ ಓಡ್ತಾ ಇದೆ ಕಣೇ!"

ಹಬ್ಬವಲ್ಲ, ಹುಣ್ಣಿಮೆಯಲ್ಲ, ಬೆಳಿಗ್ಗೆ ಆರೂವರೆಗೆ ಅಪ್ಪನ ಫೋನು. ಅಷ್ಟು ಹೊತ್ತಿಗೆ ಊರಿಂದ ಫೋನ್ ಬಂದ್ರೆ ಯಾರಿಗೆ ಏನಾಯ್ತೋ ಅಂತ ಎದೆ ಧಸಕ್ ಅನ್ನುತ್ತೆ ನೋಡಿ, ನನಗೂ ಹಾಗೇ ಆಯ್ತು. ನಿದ್ದೆಗಣ್ಣಲ್ಲಿ "ಯಾವ ಮೀಟರು ಅಪ್ಪಾ, ಆಟೋದ್ದಾ?" ಅಂದೆ.

"ಆಟೋದಲ್ಲ, ನೀರಿಂದು. ರಾತ್ರಿ ಮಲಗೋಕೆ ಮುಂಚೆ 412.640 ಇತ್ತು, ಬರ್ಕೊಂಡಿದೀನಿ. ಈಗ ನೋಡಿದ್ರೆ 412.315. ಮೂರು ಸಲ ಕನ್ನಡಕ ಒರೆಸ್ಕೊಂಡು ನೋಡ್ದೆ."

ಹಿಂದಿನಿಂದ ಅಮ್ಮನ ದನಿ: "ಹಿಂದಕ್ಕೆ ಓಡಿದ್ರೆ ಏನಾಯ್ತೀಗ? ಇಷ್ಟು ದಿನ ಅವರು ನಮಗೆ ಕೊಟ್ರು, ಈಗ ನಾವು ಅವರಿಗೆ ಕೊಡ್ತಿದೀವಿ ಅಂದ್ಕೊಳಿ!"

ಅಮ್ಮ ತಮಾಷೆಗೆ ಅಂದಿದ್ದು. ಆದ್ರೆ ಅಮ್ಮ ಹೇಳಿದ್ದೇ ನಿಜ ಅಂತ ಎರಡು ದಿನದಲ್ಲಿ ಗೊತ್ತಾಯ್ತು. ಅದೇ ಕಥೆ ಇವತ್ತು ಬರೀಬೇಕು ಅಂತ ಕೂತಿದ್ದೀನಿ. 2024ರ ಬೇಸಿಗೇಲಿ ನಡೆದಿದ್ದು. ಇಷ್ಟು ದಿನ ಬರೀದೇ ಇದ್ದಿದ್ದಕ್ಕೆ ಸೋಮಾರಿತನ ಒಂದು ಕಾರಣ, ನಾಚಿಕೆ ಇನ್ನೊಂದು.

ದೇವನಹಳ್ಳಿ ನಮ್ಮೂರು ಅಂದ ತಕ್ಷಣ ಈಗಿನವರು "ಓ, ಏರ್‌ಪೋರ್ಟಾ?" ಅಂತಾರೆ. 2008ರ ಮೇ ತಿಂಗಳಲ್ಲಿ ಅಲ್ಲಿ ವಿಮಾನ ಇಳಿಯೋಕೆ ಶುರುವಾಗೋ ತನಕ ನಮ್ಮದು ಕೋಟೆ ಊರು, ಟಿಪ್ಪು ಹುಟ್ಟಿದ ಊರು, ಚಕ್ಕೋತದ ಊರು. ನಮ್ಮನೆ ಹಳೇ ಊರಿನ ಒಂದು ಸಣ್ಣ ಬೀದೀಲಿದೆ. ಹಿತ್ತಲಲ್ಲಿ ಒಂದು ಚಕ್ಕೋತದ ಮರ, ತಾರಸಿ ಮೇಲೆ ನಿಂತ್ರೆ ದೂರದಲ್ಲಿ ನಂದಿಬೆಟ್ಟ. ಅರ್ಕಾವತಿ, ದಕ್ಷಿಣ ಪಿನಾಕಿನಿ ಎಲ್ಲಾ ಆ ಬೆಟ್ಟದ ಕಡೆಯವೇ. ನದಿ ಹುಟ್ಟೋ ಜಾಗ ಕಣ್ಣೆದುರಿಗೇ ಇದ್ರೂ ವರ್ಷವಿಡೀ ಹರಿಯೋ ಒಂದು ಹೊಳೆ ನಮಗಿಲ್ಲ. ಅಜ್ಜಿ ಕಾಲಕ್ಕೆ ಹಿತ್ತಲ ಬಾವಿ, ಊರ ಕೆರೆ. ಅಪ್ಪನ ಕಾಲಕ್ಕೆ ಬೀದಿ ನಲ್ಲಿ, ಕೈಪಂಪು. ನಮ್ಮ ಕಾಲಕ್ಕೆ ಸಾವಿರ ಅಡಿ ದಾಟಿದ ಬೋರ್‌ವೆಲ್ಲು, ಸಂಪು, ಸಿಂಟೆಕ್ಸು, ಟ್ಯಾಂಕರು, ಕುಡಿಯೋಕೆ ಕ್ಯಾನು. ಮಳೆ ಭೂಮಿಗೆ ಇಳಿಸೋದಕ್ಕಿಂತ ಹೆಚ್ಚು ನೀರನ್ನ ನಾವು ಎತ್ತುತ್ತಾ ಬಂದಿದ್ದೀವಿ ಅನ್ನೋದಕ್ಕೆ ಅಂಕಿಸಂಖ್ಯೆ ಬೇಕಿಲ್ಲ, ಬೋರ್‌ವೆಲ್ ಲಾರಿಯವನ ಬಿಲ್ಲು ಸಾಕು.

ನಮ್ಮ ಬೀದಿಗೆ ನೀರು ಬಿಡೋದು ದಿನ ಬಿಟ್ಟು ದಿನ. ಬೇಸಿಗೆ ಬಂದ್ರೆ ಅದು ಮೂರು ದಿನಕ್ಕೆ, ನಾಲ್ಕು ದಿನಕ್ಕೆ ಅಂತ ಜಾರುತ್ತೆ. ನೀರು ಬರೋ ಮುಂಚೆ ನಲ್ಲಿ ಬುಸ್ ಬುಸ್ ಅಂತ ಉಸಿರುಬಿಡುತ್ತೆ, ಎರಡು ಸಲ ಕೆಮ್ಮುತ್ತೆ, ಆಮೇಲೆ ಚಹಾ ಬಣ್ಣದ ಒಂದಷ್ಟು ನೀರು. ಅಜ್ಜಿ ಇದ್ದಾಗ ಒಂದು ಕಟ್ಟಳೆ ಇತ್ತು. ಮೊದಲ ಎರಡು ಬಿಂದಿಗೆ ಕುಡಿಯೋಕೆ ಹಿಡಿಯೋ ಹಾಗಿಲ್ಲ, ಗಿಡಕ್ಕೋ ಅಂಗಳಕ್ಕೋ ಹಾಕಬೇಕು. "ಪೈಪು ಬಾಯಿ ಮುಕ್ಕಳಿಸ್ಲಿ" ಅನ್ನೋರು. ನಾವು ನಗ್ತಿದ್ವಿ. ಆ ನಗು ಈಗ ಇಲ್ಲ, ಯಾಕೆ ಅಂತ ಮುಂದೆ ಹೇಳ್ತೀನಿ.

ಇನ್ನು ಮೀಟರಿನ ವಿಷಯ. ಅದನ್ನ ನೀರು ಕೊಡೋರು ಹಾಕಿದ್ದಲ್ಲ, ಅಪ್ಪನೇ ತಂದು ಹಾಕಿಸಿದ್ದು. ಅಪ್ಪ ಲೆಕ್ಕದ ಮೇಷ್ಟ್ರಾಗಿ ರಿಟೈರ್ ಆದವರು. ಹಾಲು, ಪೇಪರು, ಸಿಲಿಂಡರು ಬಂದ ತಾರೀಖು, ಮಳೆ ಬಿದ್ದ ದಿನ ಎಲ್ಲಕ್ಕೂ ಒಂದು ನೋಟ್‌ಬುಕ್ಕು. ಮನೇಲಿ ನೀರು ಖಾಲಿಯಾದಾಗಲೆಲ್ಲ ಅಮ್ಮ "ನಿಮ್ಮ ಚಕ್ಕೋತದ ಮರ ಕುಡಿದು ಮುಗಿಸ್ತು" ಅನ್ನೋರು, ಅಪ್ಪ "ನಿನ್ನ ಬಟ್ಟೆ ಒಗೆತ" ಅನ್ನೋರು. ಜಗಳ ಬಗೆಹರಿಸೋಕೆ ಅಂತ ಅಪ್ಪ ಬೆಂಗಳೂರಿಂದ ಒಂದು ಮೀಟರು ತಂದು, ಬೀದಿ ಲೈನು ಕಾಂಪೌಂಡಿನ ಒಳಗೆ ಬರೋ ಜಾಗದಲ್ಲೇ ಕೂರಿಸಿಬಿಟ್ರು. (ಜಗಳ ಬಗೆಹರೀಲಿಲ್ಲ. ಮೀಟರು ಎಷ್ಟು ನೀರು ಬಂತು ಅಂತ ಹೇಳುತ್ತೇ ಹೊರತು ಯಾರು ಖರ್ಚು ಮಾಡಿದ್ರು ಅಂತ ಹೇಳಲ್ವಲ್ಲ!)

ನೀರಿನ ಮೀಟರನ್ನ ಬಗ್ಗಿ ನೋಡಿದ್ದೀರಾ? ಗಾಜಿನ ಕೆಳಗೆ ಕಪ್ಪು ಅಂಕಿ ಕೆಲವು, ಕೆಂಪು ಅಂಕಿ ಕೆಲವು. ಕಪ್ಪು ಅಂಕಿ ಕಿಲೋಲೀಟರು, ಅಂದ್ರೆ ಸಾವಿರ ಲೀಟರಿಗೆ ಒಂದು. ಕೆಂಪು ಅಂಕಿ ಚಿಲ್ಲರೆ ಲೀಟರುಗಳು. ಪಕ್ಕದಲ್ಲಿ ಹಲ್ಲುಹಲ್ಲಾಗಿರೋ ಒಂದು ಪುಟ್ಟ ಚಕ್ರ ಇರುತ್ತೆ, ಒಂದು ಹನಿ ಹರಿದ್ರೂ ಅದು ಅಲ್ಲಾಡುತ್ತೆ. ಮನೆಯ ಎಲ್ಲಾ ನಲ್ಲಿ ನಿಲ್ಲಿಸಿ ಆ ಚಕ್ರ ನೋಡಿ, ತಿರುಗ್ತಾ ಇದ್ರೆ ಎಲ್ಲೋ ಸೋರ್ತಾ ಇದೆ ಅಂತ ಅರ್ಥ. ಒಳಗಡೆ ಇರೋದು ಒಂದು ರೆಕ್ಕೆಯ ಗಾಲಿ. ನೀರು ತಳ್ಳಿದಷ್ಟೂ ತಿರುಗುತ್ತೆ, ಸುತ್ತುಗಳನ್ನ ಹಲ್ಲುಗಾಲಿಗಳು ಲೀಟರಿಗೆ ಬದಲಾಯಿಸ್ತವೆ. ಪಾಪ, ಆ ರೆಕ್ಕೆಗೆ ತನ್ನನ್ನ ತಳ್ಳಿದ್ದು ನೀರೋ ಗಾಳಿಯೋ ಗೊತ್ತಾಗಲ್ಲ. ಖಾಲಿ ಪೈಪಿಗೆ ನೀರು ನುಗ್ಗಿದಾಗ ಒಳಗಿದ್ದ ಗಾಳಿಯೆಲ್ಲಾ ಮೀಟರು ದಾಟಿ ಹೋಗುತ್ತೆ, ಆಗಲೂ ಅಂಕಿ ಏರುತ್ತೆ. ದಿನ ಬಿಟ್ಟು ದಿನ ನೀರು ಬರೋ ಊರುಗಳಲ್ಲಿ ಜನ ಮೀಟರು ಬೇಡ ಅಂತ ಗಲಾಟೆ ಮಾಡೋದಕ್ಕೆ ಇದೂ ಒಂದು ಕಾರಣ. ಗಾಳಿಗೆ ಯಾಕ್ ಸ್ವಾಮಿ ದುಡ್ಡು ಕೊಡಬೇಕು? ಹಾಗೇ, ಯಾವ ಕಡೆಯಿಂದ ತಳ್ಳಿದ್ರೆ ಆ ಕಡೆಗೆ ತಿರುಗೋದೂ ಆ ರೆಕ್ಕೆಯ ಸ್ವಭಾವ. ನಮ್ಮನೇದರಂಥ ಮೀಟರಲ್ಲಿ ನೀರು ಮನೆಯಿಂದ ಬೀದಿಗೆ ಹೋದ್ರೆ ಅಂಕಿ ಇಳಿಯುತ್ತೆ.

ಅಪ್ಪ ಫೋನ್ ಮಾಡಿದ್ದು ಗುರುವಾರ, ನಾನು ಊರಿಗೆ ಹೋಗಿದ್ದು ಶನಿವಾರ. ಹೋಗುವಷ್ಟರಲ್ಲಿ ಮೀಟರು ಇನ್ನೂ ಇನ್ನೂರು ಲೀಟರು ಹಿಂದಕ್ಕೆ ಹೋಗಿತ್ತು. ನಲ್ಲೀಲಿ ಮಾತ್ರ ಮೂರು ದಿನದಿಂದ ಬೀದಿ ನೀರೇ ಬಂದಿರಲಿಲ್ಲ.

ಇಲ್ಲಿ ನಮ್ಮನೆ ಪೈಪಿನ ಜಾತಕ ಸ್ವಲ್ಪ ಹೇಳಬೇಕು, ತಾಳ್ಮೆ ಇರಲಿ. ಬೀದಿಯಿಂದ ನೀರು ಸಂಪಿಗೆ, ಸಂಪಿಂದ ಮೋಟರಲ್ಲಿ ತಾರಸಿ ಟ್ಯಾಂಕಿಗೆ, ಟ್ಯಾಂಕಿಂದ ಬಚ್ಚಲಿಗೆ, ಹಿತ್ತಲಿಗೆ. ಅಡುಗೆಮನೆಗೆ ಮಾತ್ರ ಬೀದಿಯಿಂದ ನೇರ ಒಂದು ಕವಲು. ಟ್ಯಾಂಕರು ತರೋ ಬೋರ್ ನೀರು ಗಡಸು, ಅದರಲ್ಲಿ ಬೇಳೆ ಬೇಯಲ್ಲ ಅನ್ನೋದು ಅಮ್ಮನ ತಕರಾರು. ಆದ್ರೆ ಬೀದಿ ನೀರು ಇಲ್ಲದ ದಿನ ಅಡುಗೆಮನೆ ನಲ್ಲಿ ಒಣಗಿರೋದು. ಎಂಟು ವರ್ಷದ ಹಿಂದೆ ಪ್ಲಂಬರ್ ಬಂದು, "ಅದಕ್ಕೇನಮ್ಮಾ, ಟ್ಯಾಂಕ್ ಲೈನನ್ನೂ ಇದಕ್ಕೇ ಸೇರಿಸಿಬಿಡ್ತೀನಿ. ಎರಡು ಕಡೆಗೂ ಒಂದೊಂದು ಗೇಟ್‌ವಾಲ್ವ್. ಬೀದಿ ನೀರು ಬಂದಾಗ ಟ್ಯಾಂಕಿಂದು ಮುಚ್ಚಿ, ಬರದಾಗ ಬೀದಿದು ಮುಚ್ಚಿ, ಟ್ಯಾಂಕಿಂದು ತೆರೀರಿ" ಅಂದ. ಒಂದು ಟಿ ಜಾಯಿಂಟು, ಎರಡು ವಾಲ್ವು, ಮಜೂರಿ ಸೇರಿ ಎಂಟುನೂರು ರೂಪಾಯಿ. ಅಮ್ಮನಿಗೆ ಬಹಳ ಖುಷಿಯಾಗಿತ್ತು.

ಆ ಬೀದಿ ಕಡೆಯ ವಾಲ್ವು ಈಗ ಸವೆದುಹೋಗಿತ್ತು. ಮೇಲಿನ ಚಕ್ರ ತಿರುಗ್ತಿತ್ತು, ಒಳಗಿನ ಗೇಟು ತಳ ಮುಟ್ತಿರಲಿಲ್ಲ. ಮುಚ್ಚಿದ್ದೀವಿ ಅಂದ್ಕೊಂಡಿದ್ವಿ, ಅದು ಮುಚ್ಚಿರಲಿಲ್ಲ.

ಬೀದಿ ಪೈಪಲ್ಲಿ ನೀರಿರೋ ತನಕ ಇದರಿಂದ ತೊಂದರೆ ಗೊತ್ತಾಗಲ್ಲ. ಪೈಪು ಖಾಲಿಯಾದಾಗ ನೋಡಿ. ತಾರಸಿ ಮೇಲಿನ ಟ್ಯಾಂಕು ಇಪ್ಪತ್ತೈದು ಅಡಿ ಎತ್ತರದಲ್ಲಿದೆ, ಬೀದಿ ಪೈಪು ನೆಲದಡಿ. ನೀರಿಗೆ ಯಾವುದು ಬರೋ ದಾರಿ, ಯಾವುದು ಹೋಗೋ ದಾರಿ ಅಂತ ಬೋರ್ಡು ಹಾಕಿರಲ್ಲವಲ್ಲ. ಒತ್ತಡ ಎಲ್ಲಿ ಕಡಿಮೆಯೋ ಆ ಕಡೆ ಹೊರಟಿತು. ಅಂದ್ರೆ ನಮ್ಮ ಟ್ಯಾಂಕಿನ ನೀರು ಅಡುಗೆಮನೆ ಪೈಪಿಗೆ ಇಳಿದು, ಮೀಟರನ್ನ ಹಿಂದಕ್ಕೆ ತಿರುಗಿಸ್ತಾ, ಬೀದಿಯ ಲೈನಿಗೆ ಹೋಗ್ತಿತ್ತು.

ಅಪ್ಪ ನಂಬಲಿಲ್ಲ. ಪ್ರಯೋಗ ಮಾಡೇ ತೀರಬೇಕು ಅಂದ್ರು. ರಾತ್ರಿ ಇಬ್ಬರೂ ಟಾರ್ಚ್ ಹಿಡ್ಕೊಂಡು ಮೀಟರ್ ಮುಂದೆ ಕುಕ್ಕರುಗಾಲಲ್ಲಿ ಕೂತ್ವಿ. ಟ್ಯಾಂಕಿನ ವಾಲ್ವು ಮುಚ್ಚಿದ್ರೆ ಪುಟ್ಟ ಚಕ್ರ ನಿಂತಿತು. ತೆರೆದ್ರೆ ನಿಧಾನಕ್ಕೆ ಉಲ್ಟಾ ತಿರುಗೋಕೆ ಶುರು. ಹೀಗೇ ನೋಡ್ತಾ ಇರುವಾಗ, ಹನ್ನೊಂದು ಗಂಟೆ ಸುಮಾರಿಗೆ, ಪಕ್ಕದ ಮನೆ ಗೋಡೆ ಆಚೆ ಗುಂಯ್ ಅಂತ ಒಂದು ಸದ್ದು. ಮೋಟರು. ಆ ಸದ್ದಿನ ಜೊತೆಗೇ ನಮ್ಮ ಮೀಟರಿನ ಚಕ್ರ ಬುಗುರಿ ಥರ ಗರಗರ ತಿರುಗೋಕೆ ಹತ್ತಿತು.

ಅಪ್ಪನೂ ನಾನೂ ಮುಖ ಮುಖ ನೋಡ್ಕೊಂಡ್ವಿ. ಪಕ್ಕದ್ಮನೆಯವರು ಲೈನಿಗೇ ಮೋಟರು ಹಾಕಿದ್ರು.

ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅಮ್ಮ ಆಗ ಒಂದು ಮಾತು ನೆನಪು ಮಾಡ್ಕೊಂಡ್ರು. ಹತ್ತು ದಿನದ ಹಿಂದೆ ಪಕ್ಕದ್ಮನೆಯಮ್ಮ ಕಾಂಪೌಂಡಿನಾಚೆಯಿಂದ ಹೇಳಿದ್ರಂತೆ: "ಈ ಸಲ ಗಂಗಮ್ಮ ತಾಯಿ ಕಣ್ಣು ಬಿಟ್ಟಿದಾಳೆ ಕಣಮ್ಮ. ನೀರು ಬಿಡದ ದಿನಾನೂ ರಾತ್ರಿ ಹೊತ್ತು ನಾಲ್ಕು ಕೊಡ ಸಿಗ್ತಿದೆ. ಆದ್ರೆ ಯಾಕೋ ಬೇಳೆನೇ ಬೇಯಲ್ಲ."

ಬೇಳೆ ಹೇಗೆ ಬೇಯುತ್ತೆ? ಅದು ನಮ್ಮ ಟ್ಯಾಂಕರ್ ನೀರು.

ಮರುದಿನ ಬೆಳಿಗ್ಗೆ ಏಣಿ ಹಾಕ್ಕೊಂಡು ಟ್ಯಾಂಕ್ ನೋಡೋಕೆ ಹತ್ತಿದೆ. ಯಾವತ್ತೋ ಬೀಸಿದ ಗಾಳಿಗೆ ಮುಚ್ಚಳ ಹಾರಿಹೋಗಿ ತಾರಸಿ ಮೂಲೇಲಿ ಬಿದ್ದಿತ್ತು. ಟ್ಯಾಂಕಿನ ತಳದಲ್ಲಿ ಎರಡು ಬೆರಳು ಕೆಸರು, ಪಾರಿವಾಳದ ಪುಕ್ಕ, ಹಿಕ್ಕೆ, ಜೊತೆಗೆ... ಬೇಡ ಬಿಡಿ, ನೀವು ಊಟ ಮಾಡ್ತಾ ಓದ್ತಿರಬಹುದು. ಆ ನೀರಲ್ಲಿ ನಾವು ಸ್ನಾನ ಮಾಡಿದ್ವಿ, ಪಾತ್ರೆ ತೊಳೆದಿದ್ವಿ. ಕುಡಿದಿರಲಿಲ್ಲ. ನಾವು ಕುಡಿಯೋದು ಕ್ಯಾನ್ ನೀರು. ಪಕ್ಕದ್ಮನೇಲಿ ನಲ್ಲಿ ನೀರನ್ನೇ ಕುಡೀತಾರೆ. ಆ ಮನೆಯ ಮೂರು ವರ್ಷದ ಮೊಮ್ಮಗೂಗೆ ಒಂದು ವಾರದಿಂದ ಭೇದಿ. ಎರಡು ಸಲ ಡಾಕ್ಟರ ಹತ್ತಿರ ಹೋಗಿ ಬಂದಿದ್ದಾರೆ ಅಂತ ಅಮ್ಮನಿಗೆ ಗೊತ್ತಿತ್ತು.

ಏಣಿ ಇಳಿಯೋವಾಗ ನನ್ನ ಕಾಲು ನಡುಗ್ತಿತ್ತು.

ಆ ಮಧ್ಯಾಹ್ನವೆಲ್ಲಾ ಕಂಪ್ಯೂಟರ್ ಮುಂದೆ ಕೂತು ಓದಿದೆ. ಇದಕ್ಕೆ ಪ್ಲಂಬಿಂಗ್ ಭಾಷೇಲಿ 'ಬ್ಯಾಕ್‌ಫ್ಲೋ' ಅಂತ ಹೆಸರು. ಹಿಮ್ಮುಖ ಹರಿವು ಅನ್ನಿ. ಎರಡು ಥರ ಆಗುತ್ತಂತೆ. ಮನೆ ಕಡೆ ಒತ್ತಡ ಹೆಚ್ಚಾಗಿ ನೀರನ್ನ ಬೀದಿಗೆ ತಳ್ಳೋದು ಒಂದು. ಬೀದಿ ಪೈಪು ಖಾಲಿಯಾಗಿ, ಸ್ಟ್ರಾದಲ್ಲಿ ಎಳನೀರು ಹೀರಿದ ಹಾಗೆ ಮನೆಯ ನೀರನ್ನ ಹೀರ್ಕೊಳ್ಳೋದು ಇನ್ನೊಂದು. ನಮ್ಮಲ್ಲಿ ಎರಡೂ ಆಗಿತ್ತು. ಟ್ಯಾಂಕು ತಳ್ಳಿತು, ಮೋಟರು ಹೀರಿತು.

1933ರಲ್ಲಿ ಷಿಕಾಗೋದಲ್ಲಿ ವಿಶ್ವ ಮೇಳ ನಡೀತಿದ್ದಾಗ ಅಕ್ಕಪಕ್ಕದ ಎರಡು ಹೋಟೆಲುಗಳ ಹಳೇ ಪ್ಲಂಬಿಂಗಿನಲ್ಲಿ ಕೊಳಕು ನೀರು ಕುಡಿಯೋ ನೀರಿಗೆ ಸೇರಿ 1,400ಕ್ಕೂ ಹೆಚ್ಚು ಜನಕ್ಕೆ ಅಮೀಬಾ ಆಮಶಂಕೆ ಬಂತು, 98 ಜನ ಸತ್ತರು. 1969ರಲ್ಲಿ ಅಮೆರಿಕದ್ದೇ ಹೋಲಿ ಕ್ರಾಸ್ ಕಾಲೇಜಿನ ಫುಟ್‌ಬಾಲ್ ತಂಡದ 97 ಜನರ ಪೈಕಿ 90 ಜನಕ್ಕೆ ಹೆಪಟೈಟಿಸ್ ತಗುಲಿತು. ಊರಲ್ಲಿ ಎಲ್ಲೋ ಬೆಂಕಿ ಬಿದ್ದು, ಅಗ್ನಿಶಾಮಕದವರು ಪೈಪಿಂದ ಜೋರಾಗಿ ನೀರೆಳೆದಿದ್ದರು. ಒತ್ತಡ ಕುಸಿದಾಗ, ಮೈದಾನದ ಹುಲ್ಲಿಗೆ ನೀರು ಚಿಮುಕಿಸೋ ನಲ್ಲಿಯ ಗುಂಡೀಲಿ ನಿಂತಿದ್ದ ಗಲೀಜು ನೀರು ಪೈಪಿನೊಳಗೆ ಸೇರಿತ್ತು. ಆಟಗಾರರು ಕುಡಿದದ್ದು ಅದೇ ಪೈಪಿನ ನೀರು. ಆ ವರ್ಷದ ಆಟವೇ ರದ್ದಾಯ್ತು.

ಅಲ್ಲೆಲ್ಲೋ ಯಾಕೆ, ನಮ್ಮ ಹುಬ್ಬಳ್ಳಿ-ಧಾರವಾಡದ್ದೇ ಇದೆ. ಅಲ್ಲಿ 2008ರ ಹೊತ್ತಿಗೆ ಕೆಲವು ಬಡಾವಣೆಗಳಿಗೆ ದಿನದ 24 ಗಂಟೆ ನೀರು ಕೊಡೋಕೆ ಶುರು ಮಾಡಿದ್ರು, ಉಳಿದ ಕಡೆ ಎಂದಿನ ಹಾಗೆ ಕೆಲವು ದಿನಕ್ಕೊಮ್ಮೆ. ಎರಡೂ ಕಡೆಯ ನಲ್ಲಿ ನೀರನ್ನ ಬರ್ಕ್‌ಲಿ ವಿಶ್ವವಿದ್ಯಾಲಯದ ಸಂಶೋಧಕರು ಹೋಲಿಸಿ 2013ರಲ್ಲಿ ಪ್ರಕಟಿಸಿದ್ದಾರೆ. ಕೆಲವು ದಿನಕ್ಕೊಮ್ಮೆ ಬರೋ ನಲ್ಲಿಗಳ ಮಾದರಿಗಳಲ್ಲಿ ಹೆಚ್ಚುಕಮ್ಮಿ ಮೂರರಲ್ಲೊಂದು ಪಾಲಿನಲ್ಲಿ ಮಲದ ಗುರುತಾದ ಈ-ಕೋಲಿ ಸಿಕ್ಕಿತು. ಸದಾ ನೀರಿರೋ ಕಡೆ ನೂರಕ್ಕೆ ಒಂದೂ ಇಲ್ಲ. ಪೈಪು ಸದಾ ತುಂಬಿದ್ರೆ ಸಣ್ಣ ಬಿರುಕಿನಿಂದ ನೀರು ಹೊರಕ್ಕೆ ಸೋರುತ್ತೆ ಅಷ್ಟೇ. ಖಾಲಿಯಾದಾಗ ಅದೇ ಬಿರುಕಿನಿಂದ ಚರಂಡಿ ನೀರು ಒಳಕ್ಕೆ ಬರುತ್ತೆ. ನೀರು ಬಿಟ್ಟಾಗ ಮೊದಲು ಬರೋ ನೀರು ಮತ್ತು ಒತ್ತಡ ತೀರಾ ಕಡಿಮೆಯಿರೋ ಹೊತ್ತಿನ ನೀರು ಹೆಚ್ಚು ಕೆಟ್ಟದ್ದು ಅಂತಲೂ ಅವರು ಮುಂದಿನ ವರ್ಷ ಬರೆದ್ರು. ಅಜ್ಜಿ ಹೇಳ್ತಿದ್ದ 'ಪೈಪು ಬಾಯಿ ಮುಕ್ಕಳಿಸ್ಲಿ' ಇದೇ ತಾನೇ?

ಸಂಜೆ ಮನೇಲಿ ಪಂಚಾಯ್ತಿ. ಪಕ್ಕದ್ಮನೆಯವರಿಗೆ ಹೇಳೋದಾ ಬೇಡ್ವಾ?

ನಿಜ ಹೇಳ್ತೀನಿ, ನಾನು ಬೇಡ ಅಂದೆ. ಮಗೂಗೆ ಭೇದಿ ಆಗಿದ್ದು ನಮ್ಮ ನೀರಿಂದಲೇ ಅಂತ ಯಾವ ಆಧಾರ? ಬೇಸಿಗೇಲಿ ಮಕ್ಕಳಿಗೆ ನೂರು ಕಾರಣಕ್ಕೆ ಹೊಟ್ಟೆ ಕೆಡುತ್ತೆ. ವಾಲ್ವು ಸರಿಮಾಡಿಸಿ ಸುಮ್ಮನಿದ್ದರಾಯ್ತು. ನಲವತ್ತು ವರ್ಷದ ನೆರೆಹೊರೆ, ಹಾಳು ಮಾಡ್ಕೊಳೋದು ಯಾಕೆ? ಅಮ್ಮನದು ಇನ್ನೊಂದು ವಾದ: "ಕದ್ದು ಮೋಟರು ಹಾಕಿದ್ದು ಅವರು. ಎಳೆದಿದ್ದಕ್ಕೆ ತಾನೇ ಹೋಗಿದ್ದು? ನಮ್ಮದೇನು ತಪ್ಪು?"

ಅಪ್ಪ ನೋಟ್‌ಬುಕ್ ಮುಚ್ಚಿದ್ರು. "ಎಳೆದಿದ್ದು ಅವರ ಲೆಕ್ಕ. ಕೊಳಕು ಕೊಟ್ಟಿದ್ದು ನಮ್ಮ ಲೆಕ್ಕ. ಡಾಕ್ಟರಿಗೆ ಈ ವಿಷಯ ಗೊತ್ತಾದ್ರೆ ಮಗು ಔಷಧಿ ಬದಲಾಗಬಹುದು. ನಾನು ಹೋಗಿ ಬರ್ತೀನಿ" ಅಂತ ಶರ್ಟು ಹಾಕ್ಕೊಂಡ್ರು. ನನಗೆ ಮುಖ ಎಲ್ಲಿಡಬೇಕೋ ತಿಳೀಲಿಲ್ಲ. ನಾನೂ ಹಿಂದೆ ಹೋದೆ.

ಅಪ್ಪ ಅವರ ಜಗಲಿ ಮೇಲೆ ಕೂತು, ಶಾಲೇಲಿ ಪಾಠ ಮಾಡಿದ ಹಾಗೆ ಎಲ್ಲಾ ಹೇಳಿದ್ರು. ವಾಲ್ವು, ಟ್ಯಾಂಕು, ಪಾರಿವಾಳ, 325 ಲೀಟರು. ಮೋಟರ ಮಾತು ಮಾತ್ರ ಎತ್ತಲಿಲ್ಲ. "ನೋಡಮ್ಮ, ಇದರಿಂದಲೇ ಮಗೂಗೆ ಹೀಗಾಯ್ತು ಅಂತ ನನಗೆ ಗೊತ್ತಿಲ್ಲ. ಆಗಿಲ್ಲ ಅಂತಲೂ ಗೊತ್ತಿಲ್ಲ. ಡಾಕ್ಟರಿಗೆ ಹೇಳಿ. ಖರ್ಚು ಏನಾದ್ರೂ ನನ್ನದು. ಒಂದು ವಾರ ನಲ್ಲಿ ನೀರು ಕಾಯಿಸಿ ಕುಡೀರಿ" ಅಂದ್ರು.

ಆಯಮ್ಮ ಬೈತಾರೆ ಅಂತ ನಾನು ಕಾಯ್ತಾ ಇದ್ದೆ. ಬೈಬೇಕಿತ್ತು ಕೂಡ. ಅವರು ಸುಮಾರು ಹೊತ್ತು ಸುಮ್ಮನಿದ್ದು, ಸೆರಗಿನ ತುದಿ ತಿರುವುತ್ತಾ, "ಮೇಷ್ಟ್ರೇ, ನಾನೂ ಒಂದು ಮಾತು ಹೇಳ್ಬೇಕು. ನನ್ನ ಮಗ ಲೈನಿಗೆ ಮೋಟರು ಹಾಕ್ಸಿದಾನೆ. ಏನ್ಮಾಡೋದು, ಹಾಕ್ದಿದ್ರೆ ನಮ್ಮ ತಗ್ಗಿನ ಮನೆಗೂ ಒಂದು ಹನಿ ಬರಲ್ಲ, ಬೀದೀಲಿ ನಾಲ್ಕು ಮನೆಯೋರು ಹಾಕ್ಕೊಂಡವ್ರೆ. ನಾವು ಎಳ್ಕೊಂಡಿದ್ದು ನಿಮ್ಮನೆ ನೀರು ಅಂತ ಗೊತ್ತಾಗ್ಲಿಲ್ಲ" ಅಂದ್ರು.

ಆಮೇಲೆ ಕಾಫಿ ಬಂತು. ಕಾಫಿ ಕುಡಿಯೋಕೆ ನಾನು ಒಂದು ಕ್ಷಣ ಹಿಂದೆಮುಂದೆ ನೋಡಿದ್ದನ್ನ ಅವರು ನೋಡಿಬಿಟ್ರು. "ಕಾಯ್ಸಿದ ನೀರೇ ಕಣವ್ವ" ಅಂತ ನಕ್ಕರು. ನಾನು ಆ ಕಾಫಿ ಕುಡಿದಷ್ಟು ಕಷ್ಟದಲ್ಲಿ ಯಾವತ್ತೂ ಏನನ್ನೂ ಕುಡಿದಿಲ್ಲ. ಮಗು ನಾಲ್ಕೈದು ದಿನದಲ್ಲಿ ಸುಧಾರಿಸಿತು. ಕಾರಣ ಏನು ಅಂತ ಕೊನೆಗೂ ಯಾರಿಗೂ ಖಚಿತವಾಗಿ ಗೊತ್ತಾಗಲಿಲ್ಲ. ಅದು ಗೊತ್ತಾಗದೇ ಇರೋದೇ ನನ್ನನ್ನ ಇವತ್ತಿಗೂ ಕೊರೆಯುತ್ತೆ.

ಸೋಮವಾರ ಬೇರೊಬ್ಬ ಪ್ಲಂಬರನ್ನ ಕರೆಸಿದ್ವಿ. ವಯಸ್ಸಾದವರು. ಟಿ ಜಾಯಿಂಟು ನೋಡಿ "ಯಾವ ಪುಣ್ಯಾತ್ಮ ಇವೆರಡಕ್ಕೂ ಮದುವೆ ಮಾಡಿಸಿದ್ದು?" ಅಂದ್ರು. ಅದನ್ನ ಕತ್ತರಿಸಿ, ಬೀದಿ ಲೈನು ಬೇರೆ, ಟ್ಯಾಂಕ್ ಲೈನು ಬೇರೆ ಮಾಡಿದ್ರು. ಈಗ ಅಡುಗೆಮನೇಲಿ ಎರಡು ನಲ್ಲಿ, ಒಂದಕ್ಕೊಂದು ಸಂಬಂಧ ಇಲ್ಲ. ಮೀಟರು ದಾಟಿದ ತಕ್ಷಣ ಒಂದು ಹಿತ್ತಾಳೆ ಎನ್.ಆರ್.ವಿ. ಹಾಕಿದ್ರು. ಅದರೊಳಗೆ ಒಂದು ಪುಟ್ಟ ಬಾಗಿಲು. ನೀರು ಮುಂದಕ್ಕೆ ಬಂದ್ರೆ ತೆರೆಯುತ್ತೆ, ಹಿಂದಕ್ಕೆ ಹೊರಟ್ರೆ ತಾನೇ ಮುಚ್ಚಿಕೊಳ್ಳುತ್ತೆ. ಐನೂರು ಚಿಲ್ಲರೆ ರೂಪಾಯಿ. ಎಂಟು ವರ್ಷದ ಹಿಂದೆಯೇ ಹಾಕಿಸಬಹುದಿತ್ತು.

"ಆದ್ರೆ ಇದನ್ನೇ ನಂಬ್ಕೊಂಡು ಕೂರಬೇಡಿ" ಅಂತಲೂ ಅವರೇ ಹೇಳಿದ್ರು. ಬಾಗಿಲ ಸಂದಿಗೆ ಒಂದು ಮರಳಿನ ಕಣ ಸಿಕ್ಕಿಕೊಂಡ್ರೆ ಅದೂ ಮುಚ್ಚಲ್ಲ. ಎಂಟು ತಿಂಗಳಾದ ಮೇಲೆ ಅಪ್ಪ ಬಿಚ್ಚಿಸಿ ನೋಡಿದಾಗ ನಿಜವಾಗ್ಲೂ ಒಳಗೆ ತುಕ್ಕಿನ ಚೂರು ಕೂತಿತ್ತು. ಹೆಚ್ಚು ಅಪಾಯದ ಜಾಗಗಳಲ್ಲಿ, ಅಂದ್ರೆ ಆಸ್ಪತ್ರೆ, ಕಾರ್ಖಾನೆ ಲೈನುಗಳಲ್ಲಿ, ಒಂದರ ಹಿಂದೆ ಒಂದು ಎರಡು ಬಾಗಿಲಿಟ್ಟು, ಅವು ಸೋತ್ರೆ ನೀರು ನಡುವೆಯೇ ಹೊರಗೆ ಸುರಿದುಹೋಗೋ ಹಾಗೆ ಮಾಡಿರೋ ವಾಲ್ವುಗಳೂ ಇವೆ.

ಎಲ್ಲಕ್ಕಿಂತ ಗಟ್ಟಿಯಾದದ್ದು ಒಂದಿದೆ, ಅದಕ್ಕೆ ಒಂದು ರೂಪಾಯಿ ಖರ್ಚಿಲ್ಲ ಅಂತ ಅವರು ಸಂಪಿನ ಮುಚ್ಚಳ ಎತ್ತಿದ್ರು. ನಮ್ಮ ಸಂಪಿಗೆ ಬರೋ ಪೈಪು ತಳದ ತನಕ ಇಳಿಬಿದ್ದಿತ್ತು. ನೀರು ಬೀಳೋ ಸದ್ದು ಆಗಬಾರದು ಅಂತ ನಾವೇ ಹಾಗೆ ಹಾಕಿಸಿದ್ದು. ಸಂಪು ತುಂಬಿದಾಗ ಪೈಪಿನ ಬಾಯಿ ನೀರಲ್ಲಿ ಮುಳುಗಿರುತ್ತೆ. ಬೀದಿ ಲೈನು ಖಾಲಿಯಾಗಿ ಎಳೆದ್ರೆ ಸಂಪಿನ ನೀರೂ ಹಿಂದಕ್ಕೆ ಹೋಗೋಕೆ ದಾರಿ. ಅವರು ಗರಗಸದಲ್ಲಿ ಪೈಪನ್ನ ಮೇಲುಗಡೆಯೇ ಕತ್ತರಿಸಿಬಿಟ್ರು. ಸಂಪು ಉಕ್ಕಿ ಹರಿಯೋ ಮಟ್ಟಕ್ಕಿಂತ ಪೈಪಿನ ಬಾಯಿ ಮೇಲಿರಬೇಕು. ಕಡಿಮೆ ಅಂದ್ರೂ ಪೈಪಿನ ಅಗಲದ ಎರಡರಷ್ಟು. ನಡುವೆ ಬರೀ ಗಾಳಿ. ಗಾಳಿಯನ್ನ ದಾಟಿ ನೀರು ಮೇಲಕ್ಕೆ ಹಾರೋಕಾಗಲ್ಲ. ಬಕೆಟ್ಟಿಗೆ, ಟ್ಯಾಂಕಿಗೆ, ದನದ ತೊಟ್ಟಿಗೆ ಎಲ್ಲಕ್ಕೂ ಇದೇ ಮಾತು. ಸೋಪಿನ ಬಕೆಟ್ಟಲ್ಲಿ ನಲ್ಲಿ ಪೈಪು ಮುಳುಗಿಸಿಟ್ಟು ಹೋಗ್ತೀವಲ್ಲ, ಅದೂ ತಪ್ಪೇ.

ಇದನ್ನ ಕೇಳ್ತಾ ನಿಂತಿದ್ದ ಅಮ್ಮ "ಎತ್ತಿ ಕುಡಿಯೋದು ಅನ್ನಿ" ಅಂದ್ರು.

ನಾನು ಬೆಪ್ಪಾಗಿ ನಿಂತೆ. ಹೌದಲ್ವಾ? ಚಿಕ್ಕವರಿದ್ದಾಗ ಚೊಂಬು ಬಾಯಿಗಿಟ್ಟು ಕುಡಿದ್ರೆ ಅಜ್ಜಿ ತಲೆ ಮೇಲೆ ಮೊಟಕೋರು. "ಎತ್ತಿ ಕುಡಿ, ಎಂಜಲಾಗುತ್ತೆ." ಚೊಂಬಿಗೂ ಬಾಯಿಗೂ ನಡುವೆ ನಾಲ್ಕು ಬೆರಳು ಗಾಳಿ. ನನ್ನ ಬಾಯಿಗೆ ಹೋದದ್ದು ಮತ್ತೆ ಎಲ್ಲರ ಚೊಂಬಿಗೆ ಬರಬಾರದು. ಪೈಪಿಗೂ ಇದೇ. ಬೀದಿಯ ಲೈನು ಇಡೀ ಬೀದಿಯ ಚೊಂಬು. ನಾವು ಎಂಟು ವರ್ಷ ಅದಕ್ಕೆ ಬಾಯಿ ಇಟ್ಟು ಕುಡಿದಿದ್ವಿ. (ಮಡಿ-ಎಂಜಲಿನ ಹೆಸರಲ್ಲಿ ಮನುಷ್ಯರನ್ನೇ ಬಾವಿಯಿಂದ, ಕೆರೆಯಿಂದ ದೂರ ಇಟ್ಟ ಕಥೆ ನನಗೂ ಗೊತ್ತು. ಅದನ್ನ ಇಲ್ಲಿ ಎತ್ತಿಹಿಡೀತಿಲ್ಲ. ದೂರ ಇರಬೇಕಾದ್ದು ಪೈಪಿನ ಬಾಯಿ, ಪಕ್ಕದ ಮನೆಯವರಲ್ಲ.)

ಪಕ್ಕದ್ಮನೆಯ ಮೋಟರಿಗೂ ಒಂದು ದಾರಿ ಸಿಕ್ಕಿತು. ಲೈನಿಂದ ನೇರ ಎಳೆಯೋದು ತಪ್ಪು, ಸ್ವಂತ ಸಂಪಿಂದ ಎಳೆದ್ರೆ ಯಾರಿಗೂ ತೊಂದರೆ ಇಲ್ಲ. ಅವರ ಬಾಗಿಲ ಬಳಿ ಗುಂಡಿ ತೋಡಿ ಒಂದು ಇನ್ನೂರು ಲೀಟರಿನ ಡ್ರಮ್ಮು ಇಳಿಸಿದ್ರು. ತಗ್ಗಿನ ಡ್ರಮ್ಮಿಗೆ ನೀರು ತಾನಾಗೇ ಬೀಳುತ್ತೆ, ಮೋಟರು ಅಲ್ಲಿಂದ ಎತ್ತುತ್ತೆ. ಬೀದಿಯ ಉಳಿದ ಮೂರು ಮೋಟರು ಮಾತ್ರ ಹಾಗೇ ಇವೆ. ಅವರನ್ನೂ ಪೂರ್ತಿ ಬೈಯೋಕಾಗಲ್ಲ. ಪೈಪಲ್ಲಿ ಒತ್ತಡ ಇದ್ದಿದ್ರೆ ಯಾರು ಕರೆಂಟು ಸುಟ್ಟು ನೀರೆಳೀತಿದ್ರು ಹೇಳಿ?

ಇದು ನಮ್ಮೊಬ್ಬರ ಮನೆ ಕಥೆಯಾಗಿದ್ರೆ ಬರೀತಿರಲಿಲ್ಲ. ನಮ್ಮ ಕಡೆ ಈಗ ನೀರಿನ ಬಣ್ಣಗಳೇ ಹೆಚ್ಚಾಗ್ತಿವೆ. ಹೆಬ್ಬಾಳ-ನಾಗವಾರ ಕಣಿವೆ ಯೋಜನೇಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ನಮ್ಮ ಜಿಲ್ಲೆಯ, ಚಿಕ್ಕಬಳ್ಳಾಪುರದ ಕೆರೆಗಳಿಗೆ ಬರ್ತಿದೆ. ಏರ್‌ಪೋರ್ಟ್ ರಸ್ತೆಯ ಅಪಾರ್ಟ್‌ಮೆಂಟುಗಳಲ್ಲಿ ಕುಡಿಯೋಕೆ ಒಂದು ಪೈಪು, ಕಕ್ಕಸಿಗೆ ಶುದ್ಧೀಕರಿಸಿದ ಕೊಳಚೆ ನೀರಿನದು ಇನ್ನೊಂದು ಪೈಪು. ಪಶ್ಚಿಮಘಟ್ಟದಿಂದ ಎತ್ತಿನಹೊಳೆ ನೀರು ಬರುತ್ತೆ ಅಂತ ವರ್ಷಗಟ್ಟಲೆ ಕಾದಿದ್ದೀವಿ. 2024ರ ಸೆಪ್ಟೆಂಬರಿನಲ್ಲಿ ಸಕಲೇಶಪುರದ ಹತ್ತಿರ ಅದರ ಮೊದಲ ಹಂತದ ಉದ್ಘಾಟನೆಯೂ ಆಯ್ತು. ಹಳ್ಳಿಗಳಿಗೆ ಜಲಜೀವನ್ ನಲ್ಲಿ. ಒಬ್ಬರಿಗೆ ದಿನಕ್ಕೆ 55 ಲೀಟರು ಕೊಡಬೇಕು ಅನ್ನೋದು ಆ ಯೋಜನೆಯ ಗುರಿ. ಇದೆಲ್ಲಾ ಒಳ್ಳೇದೇ. ಆದ್ರೆ ಎಷ್ಟು ಪೈಪು ಬಂದ್ರೂ, ಯಾವನೋ ಒಬ್ಬ ಎಂಟುನೂರು ರೂಪಾಯಿಗೆ ಒಂದು ಟಿ ಜಾಯಿಂಟು ಹಾಕಿ ಎರಡನ್ನೂ ಸೇರಿಸಿದ್ರೆ ಮುಗೀತು. ನಲ್ಲಿ ನೀರು ಕೆಟ್ಟರೆ ಏನಾಗುತ್ತೆ ಅಂತ 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯವರು ಜೀವ ತೆತ್ತು ನೋಡಿದ್ದಾರೆ.

ಅಪ್ಪನ ನೋಟ್‌ಬುಕ್ಕಲ್ಲಿ ಆ ಗುರುವಾರದ ಪುಟ ಇನ್ನೂ ಇದೆ. 'ಹಿಂದಕ್ಕೆ 325 ಲೀ.' ಅಂತ ಕೆಂಪು ಶಾಯೀಲಿ ಬರೆದಿದ್ದಾರೆ. ಶಾಲೇಲಿ ತಪ್ಪು ಲೆಕ್ಕಕ್ಕೆ ಹಾಕ್ತಿದ್ರಲ್ಲ, ಅದೇ ಶಾಯಿ. ಅದಾದ ಮೇಲೆ ಅಂಕಿ ಇಳಿದಿಲ್ಲ. ಹೋದ ಸಲ ಊರಿಗೆ ಹೋಗಿದ್ದಾಗ ಪಕ್ಕದ್ಮನೆಯಿಂದ ಒಂದು ಬಟ್ಟಲು ಹುಳಿ ಬಂತು. ಬೇಳೆ ಬೆಣ್ಣೆ ಥರ ಬೆಂದಿತ್ತು. ತಂದುಕೊಟ್ಟಿದ್ದು ಆ ಮೊಮ್ಮಗ. ಈಗ ಶಾಲೆಗೆ ಹೋಗ್ತಾನೆ. ನೀರು ಕೊಟ್ಟೆ, ಲೋಟ ಬಾಯಿಗೆ ಕಚ್ಚಿಕೊಂಡೇ ಕುಡಿದ. ಮೊಟಕೋಕೆ ಅಜ್ಜಿ ಇಲ್ಲ, ನನಗಂತೂ ಧೈರ್ಯ ಬರಲಿಲ್ಲ :-)

ಇಷ್ಟು ಓದಿದ್ದೀರಲ್ಲ, ಎದ್ದು ಹೋಗಿ ಒಂದೇ ಒಂದು ಕೆಲಸ ಮಾಡಿ. ನಿಮ್ಮನೆ ಸಂಪಿನ ಮುಚ್ಚಳ ತೆಗೆದು, ಪೈಪಿನ ಬಾಯಿ ನೀರಿನ ಮೇಲಿದೆಯೋ ಒಳಗಿದೆಯೋ ನೋಡಿ. ಮೀಟರಿದ್ರೆ ರಾತ್ರಿ ಒಂದು ಸಲ, ಬೆಳಿಗ್ಗೆ ಒಂದು ಸಲ ಬರ್ಕೊಳ್ಳಿ. ಏನು ಕಂಡಿತು ಅಂತ ನನಗೂ ಹೇಳಿ, ಅಪ್ಪ ಕೇಳ್ತಿರ್ತಾರೆ.